ಬೌದ್ಧರೂ ವೈದಿಕರೂ: ಸಾವಿರ ವರ್ಷದ ಒಂದು ವಾದ

(ಗಿರಣಿ ಕೆಲಸಗಾರರ ವಾಚನಾಲಯದಲ್ಲಿ ಮಾಡಿದ ಭಾಷಣ)



ಈ ಕಟ್ಟೆಯ ಮೇಲೆ ಕೂಲಿಯ ಮಾತು, ಬೋನಸ್ಸಿನ ಮಾತು, ತೆರಿಗೆಯ ಮಾತು ನಡೆಯುವುದು ವಾಡಿಕೆ. ಇಂದು ತತ್ತ್ವಶಾಸ್ತ್ರದ ಮಾತಾಡಲು ನನ್ನನ್ನು ನಿಲ್ಲಿಸಿದ್ದೀರಿ. ಇದಕ್ಕೆ ಕಾರಣ ಕಿರಾಣಿ ಅಂಗಡಿಯ ನಮ್ಮ ಗೆಳೆಯರೊಬ್ಬರು. ಒಂದು ರಾತ್ರಿ ಖಾತೆ ಪುಸ್ತಕ ಮುಚ್ಚುತ್ತ ಅವರು ಕೇಳಿದರು: "ಅಲ್ಲ ಮಾಸ್ತರೇ, ಬುದ್ಧ ನಮ್ಮವನೋ, ನಮಗೆ ಎದುರಾದವನೋ? ದಶಾವತಾರದ ಪಟದಲ್ಲಿ ಅವನೂ ಇದ್ದಾನೆ. ಹಾಗಿದ್ದರೆ ಶಂಕರಾಚಾರ್ಯರು ಬೌದ್ಧರನ್ನು ವಾದದಲ್ಲಿ ಸೋಲಿಸಿ ಓಡಿಸಿದರು ಎಂದೇಕೆ ಹೇಳುತ್ತಾರೆ? ನಮ್ಮವನಾದರೆ ಓಡಿಸಿದ್ದೇಕೆ? ಎದುರಾದವನಾದರೆ ಪೂಜಿಸುವುದೇಕೆ?"

ಪ್ರಶ್ನೆ ಸರಿಯಾದದ್ದೇ. ಉತ್ತರ ಮಾತ್ರ ಒಂದು ಮಾತಿನಲ್ಲಿ ಮುಗಿಯುವುದಲ್ಲ. ಬೌದ್ಧರೂ ವೈದಿಕರೂ ಎಲ್ಲ ಒಂದೇ ಎನ್ನುವುದೂ ಅರ್ಧ ಮಾತು. ಹಾವು-ಮುಂಗುಸಿ ಎನ್ನುವುದೂ ಅರ್ಧ ಮಾತು. ಸಾವಿರಕ್ಕೂ ಮಿಕ್ಕಿದ ವರ್ಷಗಳ ಕಾಲ ಅವರು ಒಂದೇ ಅಂಗಳದಲ್ಲಿ ಕುಳಿತು ವಾದಿಸಿದರು. ಆ ವಾದದಿಂದಲೇ ಇಬ್ಬರೂ ಬೆಳೆದರು. ಆ ವಾದದಲ್ಲಿ ಆತ್ಮ ಉಂಟೋ ಇಲ್ಲವೋ ಎಂಬುದಷ್ಟೇ ಇರಲಿಲ್ಲ. ಮನುಷ್ಯ ಮನುಷ್ಯನ ನಡುವೆ ಹುಟ್ಟಿನ ಭೇದ ನಿಜವಾಗಿ ಉಂಟೋ ಇಲ್ಲವೋ ಎಂಬುದೂ ಇತ್ತು. ಇಂದು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಅದನ್ನು.

ಒಂದೇ ಮಣ್ಣು, ಬೇರೆ ಬೆಳೆ

ಬುದ್ಧನು ಕ್ರಿಸ್ತಪೂರ್ವ 5ನೆಯ ಶತಮಾನದ ಸುಮಾರಿಗೆ ಮಗಧ, ಕೋಸಲ ದೇಶಗಳಲ್ಲಿ, ಅಂದರೆ ಇಂದಿನ ಬಿಹಾರ ಮತ್ತು ಪೂರ್ವ ಉತ್ತರಪ್ರದೇಶದ ಕಡೆ, ಊರೂರು ತಿರುಗಿ ಬೋಧಿಸಿದನು. ಆಗ 'ಹಿಂದೂ' ಎಂಬ ಹೆಸರನ್ನು ಯಾರೂ ತಮಗೆ ಇಟ್ಟುಕೊಂಡಿರಲಿಲ್ಲ. ಯಜ್ಞಯಾಗ ಮಾಡುವ ವೈದಿಕರಿದ್ದರು, ಕಾಡಿನಲ್ಲಿ ಆತ್ಮವಿಚಾರ ಮಾಡುವ ಉಪನಿಷತ್ತಿನ ಋಷಿಗಳ ಪರಂಪರೆಯಿತ್ತು, ಜೈನರಿದ್ದರು, ಪರಲೋಕವನ್ನೇ ಒಪ್ಪದವರೂ ಇದ್ದರು. ಕರ್ಮ, ಪುನರ್ಜನ್ಮ, ಬಿಡುಗಡೆ ಎಂಬ ಮಾತುಗಳು ಉಪನಿಷತ್ತಿಗೂ ಬುದ್ಧನಿಗೂ ಜೈನರಿಗೂ ಸಮಾನವಾದ ಬಂಡವಾಳ. ವ್ಯತ್ಯಾಸ ಬಂದದ್ದು ಆ ಬಂಡವಾಳದಿಂದ ನಡೆಸಿದ ವ್ಯಾಪಾರದಲ್ಲಿ.

ಬದಲಾಗುವ ದೇಹದ ಒಳಗೆ ಬದಲಾಗದ ಆತ್ಮವೊಂದು ಉಂಟು, ಅದನ್ನು ಅರಿತರೆ ಬಿಡುಗಡೆ ಎಂಬುದು ಉಪನಿಷತ್ತಿನ ಮಾತು. ಹಾಗೆ ಬದಲಾಗದೆ ಉಳಿಯುವ ವಸ್ತು ಎಲ್ಲಿ ಹುಡುಕಿದರೂ ಸಿಗದು, ಅದು ಉಂಟೆಂಬ ಹಂಬಲವೇ ದುಃಖದ ಬೇರು ಎಂಬುದು ಬುದ್ಧನ ಮಾತು. ಮುಂದೆ ಬೌದ್ಧರು ಇದನ್ನು ತಿಳಿಯಹೇಳಲು ಒಂದು ಕಥೆ ಹೇಳಿದರು. ಕ್ರಿಸ್ತಪೂರ್ವ 2ನೆಯ ಶತಮಾನದ ಯವನ ದೊರೆ ಮಿನಾಂಡರನಿಗೆ, ಅಂದರೆ ಮಿಲಿಂದನಿಗೆ, ನಾಗಸೇನನೆಂಬ ಭಿಕ್ಷು ಕೇಳಿದನಂತೆ: ನೀನು ರಥದಲ್ಲಿ ಬಂದೆಯಲ್ಲ, ಗಾಲಿ ರಥವೋ? ಅಚ್ಚು ರಥವೋ? ನೊಗ ರಥವೋ? ಯಾವುದೂ ಅಲ್ಲ. ಎಲ್ಲ ಕೂಡಿದಾಗ ವ್ಯವಹಾರಕ್ಕಾಗಿ 'ರಥ' ಎಂದು ಹೆಸರಿಡುತ್ತೇವೆ. 'ನಾನು' ಎಂಬುದೂ ಹಾಗೆಯೇ.

ನಮಗೆ ರಥ ದೂರದ ಮಾತು, ಮಗ್ಗ ಹತ್ತಿರದ್ದು. ಲಾಳಿ ಮಗ್ಗವಲ್ಲ, ಹಣಿಗೆ ಮಗ್ಗವಲ್ಲ, ಹಾಸಿನ ನೂಲೂ ಮಗ್ಗವಲ್ಲ. ಎಲ್ಲವೂ ಜೋಡಿ ಕೂಡಿ ಬಟ್ಟೆ ಹೊರಬಂದಾಗ ಮಗ್ಗವೆನ್ನುತ್ತೇವೆ. ಹಾಗಾದರೆ ಮಗ್ಗವೆಂಬ ಬೇರೆ ವಸ್ತು ಉಂಟೋ, ಅದು ಬರಿಯ ಹೆಸರೋ? ಈ ಪ್ರಶ್ನೆಯನ್ನು ನೆನಪಿನಲ್ಲಿಡಿ. ಇದೇ ಮುಂದೆ ಜಾತಿಯ ಪ್ರಶ್ನೆಯಾಗಿ ಬರುತ್ತದೆ.

'ಜಾತಿ' ಎಂಬ ಒಂದು ಮಾತು

ನಮ್ಮ ಬಾಯಲ್ಲಿ ಜಾತಿ ಎಂದರೆ ಕುಲ. ಪಂಡಿತರ ತರ್ಕಶಾಸ್ತ್ರದಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ. ಕಪಿಲೆಯೂ ಹಸು, ಕರಿಯ ಹಸುವೂ ಹಸು, ಇನ್ನೂ ಹುಟ್ಟದ ಕರುವೂ ನಾಳೆ ಹಸು. ಇಷ್ಟು ಬೇರೆಬೇರೆ ಪ್ರಾಣಿಗಳಿಗೆ ಒಂದೇ ಹೆಸರು ಹೇಗೆ ಒಪ್ಪಿತು? ನೈಯಾಯಿಕರು, ವೈಶೇಷಿಕರು, ಮೀಮಾಂಸಕರು ಹೇಳಿದರು: ಎಲ್ಲ ಹಸುಗಳಲ್ಲಿಯೂ 'ಗೋತ್ವ' ಎಂಬ ಒಂದು ಸಾಮಾನ್ಯ ಧರ್ಮ ನಿಜವಾಗಿ ನೆಲೆಸಿದೆ. ಹಸು ಸತ್ತರೂ ಗೋತ್ವ ಸಾಯದು. ಇದಕ್ಕೆ ಅವರು ಇಟ್ಟ ಹೆಸರು 'ಸಾಮಾನ್ಯ' ಅಥವಾ 'ಜಾತಿ'.

ಇದನ್ನು ಹುಚ್ಚುಮಾತೆಂದು ತಳ್ಳಿಹಾಕಬೇಡಿ. ಅವರ ಕಷ್ಟ ನಿಜವಾದ ಕಷ್ಟ. ವಸ್ತುಗಳಲ್ಲಿ ಸಮಾನವಾದದ್ದು ಏನೂ ಇಲ್ಲವೆಂದರೆ, ಒಂದು ಕಡೆ ಹೊಗೆಯನ್ನೂ ಬೆಂಕಿಯನ್ನೂ ಕಂಡವನು ಇನ್ನೊಂದು ಕಡೆ ಹೊಗೆ ಕಂಡು ಬೆಂಕಿಯುಂಟೆಂದು ಹೇಗೆ ಊಹಿಸಬಲ್ಲ? ಲೋಕದ ತಿಳಿವಳಿಕೆಯೇ ಕುಸಿದು ಬೀಳುತ್ತದಲ್ಲ ಎಂಬುದು ಅವರ ಅಂಜಿಕೆ.

ಬೌದ್ಧರಲ್ಲಿ ಇದಕ್ಕೆ ಉತ್ತರ ಕೊಟ್ಟವರು ದಿಙ್ನಾಗ ಮತ್ತು ಧರ್ಮಕೀರ್ತಿ. ದಿಙ್ನಾಗನ ಕಾಲ ಸುಮಾರು 5-6ನೆಯ ಶತಮಾನ, ಧರ್ಮಕೀರ್ತಿಯದು 7ನೆಯ ಶತಮಾನದ ಸುಮಾರು. 'ಹಸು' ಎಂದಾಗ ನಾವು ಮಾಡುವುದು ಹಸುವಲ್ಲದವುಗಳನ್ನು ಬೇರ್ಪಡಿಸುವ ಕೆಲಸ ಮಾತ್ರ. ಅದಕ್ಕಾಗಿ ಗೋತ್ವವೆಂಬ ನಿತ್ಯವಸ್ತು ಬೇಕಿಲ್ಲ ಎಂದು ದಿಙ್ನಾಗ ಹೇಳಿದನು. ಇದಕ್ಕೆ 'ಅಪೋಹ'ವೆಂದು ಹೆಸರು. ಧರ್ಮಕೀರ್ತಿ ಒಂದು ಮನೆಮದ್ದಿನ ದೃಷ್ಟಾಂತ ಕೊಟ್ಟನು. ಅಮೃತಬಳ್ಳಿಯೂ ಜ್ವರ ಇಳಿಸುತ್ತದೆ, ಬೇರೆ ಮೂಲಿಕೆಗಳೂ ಇಳಿಸುತ್ತವೆ. ಅವು ಒಂದೊಂದೂ ಬೇರೆ. ಜ್ವರ ಇಳಿಸುವ ಒಂದೇ ವಸ್ತು ಅವುಗಳೊಳಗೆಲ್ಲ ಅಡಗಿ ಕುಳಿತಿರಬೇಕಾಗಿಲ್ಲ. ಅವು ಮಾಡುವ ಕೆಲಸ ಒಂದಾದುದರಿಂದ ನಾವು ಅವುಗಳನ್ನು ಒಂದು ಗುಂಪು ಮಾಡಿ ಹೆಸರಿಡುತ್ತೇವೆ. ಗುಂಪು ಮಾಡುವುದು ನಮ್ಮ ಪ್ರಯೋಜನಕ್ಕಾಗಿ. ಗುಂಪೇ ಒಂದು ವಸ್ತುವಲ್ಲ.

ಇದು ಪಂಡಿತರ ಹೊತ್ತು ಕಳೆಯುವ ಮಾತೆಂದು ನಿಮಗೆ ತೋರಬಹುದು. ಆದರೆ ಗೋತ್ವ ನಿಜವಾದರೆ, ಅದರ ಪಕ್ಕದಲ್ಲಿಯೇ 'ಬ್ರಾಹ್ಮಣತ್ವ'ವೂ ಬಂದು ಕೂರುತ್ತದೆ, 'ಶೂದ್ರತ್ವ'ವೂ ಬಂದು ಕೂರುತ್ತದೆ. ಆಗ ಮೇಲುಕೀಳು ಜನ ಮಾಡಿದ ಏರ್ಪಾಡಲ್ಲ, ಹಸು-ಕುದುರೆಗಳ ಭೇದದಂತೆ ಸೃಷ್ಟಿಯಲ್ಲಿಯೇ ಇರುವ ಭೇದವಾಗುತ್ತದೆ. ಧರ್ಮಕೀರ್ತಿಗೆ ಇದು ತಿಳಿದಿತ್ತು. ಅದಕ್ಕಾಗಿಯೇ ಅವನು ಹುಟ್ಟಿನ ಹಮ್ಮನ್ನು ಬುದ್ಧಿ ಜಡವಾದುದರ ಗುರುತುಗಳಲ್ಲಿ ಒಂದೆಂದು ಎಣಿಸಿದನು.

ಈ ವಾದದ ಬೀಜ ಬುದ್ಧನ ಸುತ್ತಗಳಲ್ಲಿಯೇ ಇದೆ. ವಾಸೆಟ್ಠನೆಂಬ ಬ್ರಾಹ್ಮಣ ತರುಣನಿಗೆ ಬುದ್ಧ ಹೇಳುವುದರ ಸಾರ ಇಷ್ಟು: ಹುಲ್ಲು, ಮರ, ಹುಳು, ಹಕ್ಕಿ, ಇವುಗಳಿಗೆ ಹುಟ್ಟಿನಿಂದ ಬಂದ ಬೇರೆಬೇರೆ ಗುರುತುಗಳುಂಟು. ಮನುಷ್ಯರ ಕಣ್ಣು, ಕಿವಿ, ಕೈಕಾಲುಗಳಲ್ಲಿ ಅಂಥ ಗುರುತು ಕಾಣದು. ವ್ಯಾಪಾರದಿಂದ ಬದುಕುವವನು ವ್ಯಾಪಾರಿ, ಕಸಬಿನಿಂದ ಬದುಕುವವನು ಕಸಬುದಾರ. ಹೆಸರು ಬಂದದ್ದು ಕೆಲಸದಿಂದ.

ತುಪ್ಪಕ್ಕೆ ವಾಸನೆ, ಮನುಷ್ಯನಿಗೆ ಏನು?

ಇದಕ್ಕೆ ಎದುರು ನಿಂತವನು ಮೀಮಾಂಸಕರ ದೊಡ್ಡ ಆಚಾರ್ಯ ಕುಮಾರಿಲಭಟ್ಟ. ಅವನೂ ಸುಮಾರು 7ನೆಯ ಶತಮಾನದವನು. ಅವನ ಮುಂದಿದ್ದ ತೊಡಕು ಇದು. ಹಸುವನ್ನೂ ಕುದುರೆಯನ್ನೂ ನಿಲ್ಲಿಸಿದರೆ ಮಗುವೂ ಬೇರೆಬೇರೆ ಗುರುತಿಸುತ್ತದೆ. ಇಬ್ಬರು ಮನುಷ್ಯರನ್ನು ನಿಲ್ಲಿಸಿದರೆ ಇವನು ಬ್ರಾಹ್ಮಣ, ಇವನು ಅಲ್ಲ ಎಂದು ನೋಡಿ ಹೇಳುವುದು ಹೇಗೆ? ಕುಮಾರಿಲನ ಸಮಾಧಾನ ಹೀಗಿದೆ: ಒಂದೊಂದು ವಸ್ತುವನ್ನು ಗುರುತಿಸಲು ಒಂದೊಂದು ಸಹಾಯ ಬೇಕು. ಚಿನ್ನವನ್ನು ಬಣ್ಣದಿಂದ ತಿಳಿಯುತ್ತೇವೆ. ಕರಗಿದ ತುಪ್ಪವನ್ನು ಎಣ್ಣೆಯಿಂದ ಬೇರೆ ಮಾಡಲು ವಾಸನೆಯೋ ರುಚಿಯೋ ಬೇಕು. ಹಾಗೆಯೇ ಬ್ರಾಹ್ಮಣತ್ವವನ್ನು ಗುರುತಿಸಲು ಹುಟ್ಟಿನ ತಿಳಿವಳಿಕೆ ಬೇಕು. ಇಷ್ಟು ಹೇಳಿ ಇನ್ನೊಂದು ಮಾತನ್ನೂ ಸೇರಿಸಿದನು: ಕೆಲವೆಡೆ ಅರಸನು ಸರಿಯಾಗಿ ಕಾಪಾಡಿಕೊಂಡು ಬಂದ ಆಚಾರದಿಂದಲೂ ಅದು ತಿಳಿಯುತ್ತದೆ.

ಪೇಟೆಯ ಮಿತ್ರರೇ, ಈ ದೃಷ್ಟಾಂತವನ್ನು ತೂಗಿ ನೋಡಲು ನಿಮಗಿಂತ ಬಲ್ಲವರು ಯಾರು? ತುಪ್ಪದ ಡಬ್ಬಿ ಬಂದರೆ ಮುಚ್ಚಳ ತೆಗೆದು ಮೂಸುತ್ತೀರಿ. ಚಿನ್ನ ಬಂದರೆ ಒರೆಗಲ್ಲಿಗೆ ತಿಕ್ಕುತ್ತೀರಿ. ತಂದವನು ಯಾರೇ ಇರಲಿ, ಅವನು ಏನೇ ಹೇಳಲಿ, ವಾಸನೆ ತುಪ್ಪದಲ್ಲಿಯೇ ಇದೆ, ಬಣ್ಣ ಚಿನ್ನದಲ್ಲಿಯೇ ಇದೆ. ಮನುಷ್ಯನ ವಿಷಯದಲ್ಲಿಯಾದರೋ ಅವನನ್ನು ನೋಡಿ ಪ್ರಯೋಜನವಿಲ್ಲ. ಅವನ ತಂದೆ ಯಾರು, ಊರು ಯಾವುದು ಎಂದು ಇನ್ನೊಬ್ಬರನ್ನು ಕೇಳಬೇಕು. ಕೇಳಿ ತಿಳಿಯಬೇಕಾದದ್ದು ಕಣ್ಣಿಗೆ ಕಂಡದ್ದು ಹೇಗಾದೀತು?

ಬೌದ್ಧರು ಹಿಡಿದದ್ದು ಇದೇ ಎಳೆಯನ್ನು. 8ನೆಯ ಶತಮಾನದ ಶಾಂತರಕ್ಷಿತ, ಅವನ ತರುವಾಯ ಧರ್ಮಕೀರ್ತಿಯ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಪ್ರಜ್ಞಾಕರಗುಪ್ತ, ಇಬ್ಬರೂ ಈ ಬ್ರಾಹ್ಮಣತ್ವದ ವಾದವನ್ನು ಬಿಡದೆ ಪರೀಕ್ಷಿಸಿದರು. ತಂದೆ ಬ್ರಾಹ್ಮಣನಾದುದರಿಂದ ಮಗ ಬ್ರಾಹ್ಮಣ. ತಂದೆ ಬ್ರಾಹ್ಮಣನೆಂದು ತಿಳಿದದ್ದು ಅವನ ತಂದೆಯಿಂದ. ಆದಿಯೇ ಇಲ್ಲದ ಈ ಸರಪಳಿಯ ಕೊಂಡಿಗಳನ್ನೆಲ್ಲ ಎಣಿಸಿ ನೋಡಿದವರಾರು?

ವೈದಿಕರೆಲ್ಲರೂ ಕುಮಾರಿಲನ ಹಿಂದೆ ನಿಂತರೆಂದು ತಿಳಿಯಕೂಡದು. ಮೀಮಾಂಸೆಯಲ್ಲಿಯೇ ಪ್ರಾಭಾಕರರೆಂಬ ಇನ್ನೊಂದು ಪಕ್ಷವಿತ್ತು. ಆ ಪಕ್ಷದ ಶಾಲಿಕನಾಥನು, ಬ್ರಾಹ್ಮಣತ್ವವೆಂಬ ಸಾಮಾನ್ಯವಸ್ತು ಪ್ರತ್ಯಕ್ಷಕ್ಕೆ ಕಾಣದು, ಅದು ಬರಿಯ ವಂಶದ ಲೆಕ್ಕ ಎಂದನು. ವರ್ಣವ್ಯವಸ್ಥೆಯನ್ನು ಅವನು ಬಿಡಲಿಲ್ಲ ನಿಜ. ಆದರೆ ಅದಕ್ಕೆ ಹಾಕಿದ್ದ ಸೃಷ್ಟಿನಿಯಮದ ಮೊಹರನ್ನು ಕಿತ್ತುಹಾಕಿದನು.

ಕೊಟ್ಟು ತಂದ ಸಾಲ

ಈ ವಾದ ಒಂದು ದಿನದ ಜಗಳವಲ್ಲ, ತಲೆಮಾರಿನಿಂದ ತಲೆಮಾರಿಗೆ ಸಾಗಿದ ವ್ಯವಹಾರ. ನ್ಯಾಯಸೂತ್ರಕ್ಕೆ ವಾತ್ಸ್ಯಾಯನನು ಭಾಷ್ಯ ಬರೆದನು. ದಿಙ್ನಾಗ ಅದನ್ನು ಖಂಡಿಸಿದನು. ದಿಙ್ನಾಗನಿಗೆ ಉದ್ದ್ಯೋತಕರ ಉತ್ತರ ಕೊಟ್ಟನು. ಉದ್ದ್ಯೋತಕರನಿಗೆ ಧರ್ಮಕೀರ್ತಿ, ಬೌದ್ಧರಿಗೆ ವಾಚಸ್ಪತಿಮಿಶ್ರ, ಅವನಿಗೆ ವಿಕ್ರಮಶಿಲೆಯ ವಿಹಾರದ ಜ್ಞಾನಶ್ರೀಮಿತ್ರ, ಜ್ಞಾನಶ್ರೀಗೆ ಉದಯನ. ಉದಯನನ ಒಂದು ಗ್ರಂಥದ ಕಾಲ ಕ್ರಿ.ಶ. 984 ಎಂದು ಅದರಲ್ಲಿಯೇ ಬರೆದಿದೆ. ಅವನ ವಿಷಯವಾಗಿ ಒಂದು ಐತಿಹ್ಯ ಉಂಟು. ಪುರಿಯ ಜಗನ್ನಾಥನ ಗುಡಿಗೆ ಹೋದಾಗ ಬಾಗಿಲು ಹಾಕಿತ್ತಂತೆ. ಆಗ ಅವನು ದೇವರಿಗೆ, "ಈಗ ಸೊಕ್ಕಿನಿಂದ ಕೂತಿದ್ದೀಯೆ, ಬೌದ್ಧರು ಬಂದಾಗ ನೀನು ಇದ್ದೀಯೆಂದು ಸಾಧಿಸುವುದಕ್ಕೆ ನಾನೇ ಬೇಕಾಗುತ್ತೇನೆ" ಎಂಬರ್ಥದ ಮಾತು ಹೇಳಿದನಂತೆ. ಕಥೆ ನಿಜವೋ ಸುಳ್ಳೋ, ವಾದಕ್ಕೆ ಆ ಕಾಲದವರು ಕೊಟ್ಟ ಬೆಲೆ ಅದರಿಂದ ತಿಳಿಯುತ್ತದೆ.

ಈ ವಾದಕ್ಕೊಂದು ಶಿಸ್ತೂ ಇತ್ತು. ಎದುರಾಳಿಯ ಮಾತನ್ನು ಮೊದಲು ಪೂರ್ವಪಕ್ಷವಾಗಿ ಹೇಳಿ, ಆ ಮೇಲೆ ಖಂಡಿಸಬೇಕು. ಇದರಿಂದ ಆದ ಉಪಕಾರ ನೋಡಿ: ಬೌದ್ಧರ ಮೂಲಗ್ರಂಥಗಳು ಈ ದೇಶದಲ್ಲಿ ಕಾಣದಾದ ಮೇಲೆ, ಅವರ ಎಷ್ಟೋ ವಾದಗಳು ವೈದಿಕರ ಪುಸ್ತಕಗಳಲ್ಲಿ ಪೂರ್ವಪಕ್ಷವಾಗಿ ಉಳಿದುಕೊಂಡವು. ಶಾಂತರಕ್ಷಿತನ ಗ್ರಂಥ ಜೈನರ ಭಂಡಾರಗಳಲ್ಲಿ ಉಳಿದಿತ್ತು. 1926ರಲ್ಲಿ ಬರೋಡೆಯಲ್ಲಿ ಅಚ್ಚಾಯಿತು. 1929ರಿಂದ 1938ರ ವರೆಗೆ ರಾಹುಲ ಸಾಂಕೃತ್ಯಾಯನರು ನಾಲ್ಕು ಸಲ ಟಿಬೆಟ್ಟಿಗೆ ಹೋಗಿ, ಮಠಗಳಲ್ಲಿದ್ದ ಸಂಸ್ಕೃತ ತಾಳೆಗರಿಗಳನ್ನು ಹುಡುಕಿ, ನಕಲು ಮಾಡಿ, ಚಿತ್ರ ತೆಗೆದು ತಂದರು. ರೈತಚಳವಳಿಯಲ್ಲಿ ಸೆರೆಮನೆ ಕಂಡ ಮನುಷ್ಯ ಅವರು. ಪ್ರಜ್ಞಾಕರಗುಪ್ತನ ವ್ಯಾಖ್ಯಾನವು 1953ರಲ್ಲಿ ಪಾಟ್ನಾದಲ್ಲಿ ಅಚ್ಚಾದದ್ದು ಅವರ ಈ ದುಡಿಮೆಯಿಂದ.

ಸಾಲದ ಮಾತು ಅದ್ವೈತದಲ್ಲಿ ಇನ್ನೂ ಸ್ಪಷ್ಟ. ಶಂಕರರ ಪರಮಗುರುಗಳೆನಿಸಿದ ಗೌಡಪಾದರ ಕಾರಿಕೆಗಳ ನಾಲ್ಕನೆಯ ಪ್ರಕರಣದಲ್ಲಿ ಬೌದ್ಧರ ಪರಿಭಾಷೆ ತುಂಬಿದೆ. ಪರಮಾರ್ಥ, ವ್ಯವಹಾರ ಎಂಬ ಎರಡು ಮಟ್ಟದ ಸತ್ಯವನ್ನು ಬೌದ್ಧರ ನಾಗಾರ್ಜುನ ಮೊದಲೇ ಬೋಧಿಸಿದ್ದನು. ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಬೌದ್ಧರನ್ನು ಕಟುವಾಗಿ ಖಂಡಿಸಿದರು; ಆದರೂ ಅವರ ಎದುರಾಳಿಗಳು ಅವರ ಮತವನ್ನೇ ಮರೆಮಾಚಿದ ಬೌದ್ಧಮತವೆಂದು ಜರೆದರು. ನಮ್ಮ ಉಡುಪಿಯ ಮಧ್ವಾಚಾರ್ಯರು 13ನೆಯ ಶತಮಾನದಲ್ಲಿ, ಶೂನ್ಯವಾದಿಗಳ ಶೂನ್ಯಕ್ಕೂ ಮಾಯಾವಾದಿಗಳ ಬ್ರಹ್ಮಕ್ಕೂ ಭೇದವಿಲ್ಲವೆಂದು ಆಕ್ಷೇಪಿಸಿದರು. ಅದು ಪೂರಾ ಸರಿಯೆಂದು ನಾನು ಹೇಳುವುದಿಲ್ಲ. ಶಂಕರರ ಬ್ರಹ್ಮ ನಿತ್ಯವಾದದ್ದು, ನಾಗಾರ್ಜುನನಿಗೆ ಅಂಥ ನಿತ್ಯವಸ್ತು ಯಾವುದೂ ಇಲ್ಲ. ಆದರೆ ಸಾಲ ಬಂದದ್ದು ಸುಳ್ಳಲ್ಲ.

ಇಲ್ಲೊಂದು ನೋವಿನ ಸಂಗತಿಯಿದೆ. ಎರಡು ಮಟ್ಟದ ಸತ್ಯ ಬಂತು, ಆದರೆ ಹುಟ್ಟಿನ ಭೇದ ಕಲ್ಪಿತವೆಂಬ ಬೌದ್ಧರ ತೀರ್ಮಾನ ವ್ಯವಹಾರಕ್ಕೆ ಇಳಿಯಲಿಲ್ಲ. ಪರಮಾರ್ಥದಲ್ಲಿ ಎಲ್ಲವೂ ಒಂದೇ ಬ್ರಹ್ಮವೆಂದ ಭಾಷ್ಯದಲ್ಲಿಯೇ ಶೂದ್ರನಿಗೆ ವೇದಾಧ್ಯಯನದ ಅಧಿಕಾರವಿಲ್ಲವೆಂದೂ ಬರೆಯಲಾಯಿತು. ಇತಿಹಾಸ ಪುರಾಣಗಳಿಂದ ಅವನಿಗೂ ಜ್ಞಾನ ಬರಬಹುದೆಂದು ಅಲ್ಲಿ ಒಪ್ಪಿದ್ದುಂಟು. ಆದರೆ ಹೆಬ್ಬಾಗಿಲು ಮುಚ್ಚಿ ಹಿತ್ತಿಲ ಬಾಗಿಲು ತೆರೆದದ್ದನ್ನು ಸಮಾನತೆ ಎನ್ನಲಾಗದು.

ಓಡಿಸಿದರೆಂಬ ಮಾತು

ಶಂಕರರು ವಾದದಿಂದಲೇ ಬೌದ್ಧರನ್ನು ಓಡಿಸಿದರೆಂಬ ಮಾತನ್ನು ಕಾಲದ ಲೆಕ್ಕ ಒಪ್ಪುವುದಿಲ್ಲ. ಶಂಕರರು ಸುಮಾರು 8ನೆಯ ಶತಮಾನದವರು. ಜ್ಞಾನಶ್ರೀಯೂ ಉದಯನನೂ ವಾದಿಸಿದ್ದು ಇನ್ನೂರು ವರ್ಷಗಳ ತರುವಾಯ. ನಮ್ಮ ನಾಡಿನ ಸಾಕ್ಷಿಯೂ ಇದೆ. ಮಂಗಳೂರಿನ ಕದ್ರಿಯಲ್ಲಿ ಆಳುಪ ದೊರೆ ಕುಂದವರ್ಮನು 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹವನ್ನು ಇಂದಿಗೂ ನೋಡಬಹುದು. ಗದಗಿನ ಹತ್ತಿರದ ಡಂಬಳದಲ್ಲಿ 1095ರ ಶಾಸನವೊಂದು ಬುದ್ಧವಿಹಾರವನ್ನೂ ತಾರಾದೇವಿಯ ವಿಹಾರವನ್ನೂ ಹೆಸರಿಸುತ್ತದೆ. ಬುದ್ಧವಿಹಾರವನ್ನು ಕಟ್ಟಿಸಿದವರು ಆ ಊರಿನ ಹದಿನಾರು ಮಂದಿ ಸೆಟ್ಟಿಗಳು, ವ್ಯಾಪಾರಸ್ಥರು.

ಹಾಗಾದರೆ ಬೌದ್ಧಮತ ಬತ್ತಿದ್ದೇಕೆ? ಕಾರಣ ಒಂದಲ್ಲ. ವಿಹಾರಗಳು ಅರಸರ, ವರ್ತಕರ ದತ್ತಿಗಳ ಮೇಲೆ ನಿಂತಿದ್ದವು. ದತ್ತಿ ಗುಡಿಗಳ ಕಡೆಗೆ ತಿರುಗಿದಾಗ ಬಡವಾದವು. 1200ರ ಸುಮಾರಿಗೆ ಬಿಹಾರದ ಮಹಾವಿಹಾರಗಳ ಮೇಲೆ ತುರುಕರ ದಂಡು ಬಿತ್ತು. 1235ರಲ್ಲಿ ಟಿಬೆಟ್ಟಿನ ಯಾತ್ರಿಕ ಧರ್ಮಸ್ವಾಮಿ ನಾಳಂದಕ್ಕೆ ಬಂದಾಗ, ತೊಂಬತ್ತು ದಾಟಿದ ಗುರು ರಾಹುಲಶ್ರೀಭದ್ರ ಸುಮಾರು ಎಪ್ಪತ್ತು ಶಿಷ್ಯರಿಗೆ ಪಾಠ ಹೇಳುತ್ತಿದ್ದನು. ಇತ್ತ ಪುರಾಣಗಳು ಬುದ್ಧನನ್ನು ವಿಷ್ಣುವಿನ ಅವತಾರ ಮಾಡಿಕೊಂಡವು. ಅಸುರರನ್ನು ದಾರಿ ತಪ್ಪಿಸಲು ಬಂದ ಅವತಾರವೆಂದು ಮೊದಲು, ಕರುಣೆಯ ಅವತಾರವೆಂದು ಆ ಮೇಲೆ. ಎದುರಂಗಡಿಯನ್ನು ಕೊಂಡು, ಹಳೆಯ ಬೋರ್ಡನ್ನೇ ಬಿಟ್ಟು, ಒಳಗಿನ ಸರಕನ್ನು ಬದಲಾಯಿಸಿದಂತೆ ಇದು.

ಬೌದ್ಧರ ತಪ್ಪನ್ನೂ ಮುಚ್ಚಿಡಬಾರದು. ಜಾತಿ ಸುಳ್ಳೆಂದು ಸಾಧಿಸಿದ ಸಂಘವೇ ತನ್ನ ವಿನಯದಲ್ಲಿ ಒಡೆಯನಿಂದ ಬಿಡುಗಡೆಯಾಗದ ದಾಸನಿಗೆ, ಸಾಲ ತೀರಿಸದವನಿಗೆ ದೀಕ್ಷೆ ಕೊಡಬಾರದೆಂದು ಕಟ್ಟು ಮಾಡಿತು. ಒಡೆಯರ, ಸಾಲಗಾರರ ವೈರ ಕಟ್ಟಿಕೊಳ್ಳಲು ಅದಕ್ಕೆ ಮನಸ್ಸಿರಲಿಲ್ಲ. ವಿಹಾರದ ಒಳಗೆ ಗೆದ್ದ ತರ್ಕ ಊರಿನ ಓಣಿಗೆ ಬರಲಿಲ್ಲ. ವಾದ ಗೆದ್ದರೆ ಸಾಲದು, ಬಾವಿಯ ಕಟ್ಟೆಯನ್ನೂ ಗೆಲ್ಲಬೇಕು.

ಲಾಳಿಯ ಸಾಕ್ಷಿ

ಈಗ ಮಗ್ಗಕ್ಕೆ ಹಿಂತಿರುಗೋಣ. ಕಳೆದ ಶತಮಾನದ ಮೊದಲ ಭಾಗದಲ್ಲಿ ಮುಂಬಯಿಯ ಹತ್ತಿಗಿರಣಿಗಳ ನೇಯ್ಗೆ ಖಾತೆಗೆ ಅಸ್ಪೃಶ್ಯರೆನಿಸಿದವರನ್ನು ಸೇರಿಸುತ್ತಿರಲಿಲ್ಲ. ಹೊಸ ಬಾಬಿನ್ ಹಾಕುವಾಗ ನೂಲನ್ನು ಲಾಳಿಯ ಕಣ್ಣಿನೊಳಗಿಂದ ಬಾಯಲ್ಲಿ ಹೀರಿ ಎಳೆಯಬೇಕಿತ್ತು. ಅವರ ಬಾಯಿ ಸೋಕಿದ ಲಾಳಿಗೆ ನಮ್ಮ ಬಾಯಿ ಹಚ್ಚುವುದಿಲ್ಲವೆಂದು ಹಟ ಹಿಡಿದವರು ಮಾಲೀಕರಷ್ಟೇ ಅಲ್ಲ, ಕೆಲಸಗಾರರು. ಕೂಲಿ ಹೆಚ್ಚಿದ್ದದ್ದು ನೇಯ್ಗೆಯಲ್ಲಿಯೇ. 1928ರ ದೊಡ್ಡ ಮುಷ್ಕರದ ಕಾಲದಲ್ಲಿ ಡಾ. ಅಂಬೇಡ್ಕರರು ಕಾರ್ಮಿಕ ಮುಖಂಡರ ಮುಂದೆ ಈ ಪ್ರಶ್ನೆಯನ್ನೇ ಇಟ್ಟರು. ನಮ್ಮ ಚಳವಳಿಯ ಚರಿತ್ರೆ ಹೇಳುವಾಗ ಈ ಪುಟವನ್ನು ನಾವು ಹಾರಿಸಿಬಿಡುತ್ತೇವೆ. ಹಾರಿಸಕೂಡದು.

ಬ್ರಾಹ್ಮಣತ್ವ ಗೋತ್ವದಂತೆ ನಿಜವಾದರೆ ಅಸ್ಪೃಶ್ಯತ್ವವೂ ನಿಜವಾಗಬೇಕಿತ್ತು. ಯಾರ ಬಾಯಿ ಸೋಕಿತೆಂದು ನೂಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಯಾರು ಎಳೆದರೂ ನೂಲು ಬಂತು, ಬಟ್ಟೆ ಆಯಿತು, ಆ ಬಟ್ಟೆಯನ್ನು ಎಲ್ಲರೂ ಕೊಂಡು ಉಟ್ಟರು. 1936ರಲ್ಲಿ ಅಂಬೇಡ್ಕರರು, ಜಾತಿ ಕಣ್ಣಿಗೆ ಕಾಣುವ ಅಡ್ಡಗೋಡೆಯಲ್ಲ, ಮನಸ್ಸಿನೊಳಗಿನ ಕಲ್ಪನೆ, ಅದಕ್ಕೇ ಅದನ್ನು ಕೆಡಹುವುದು ಕಷ್ಟ ಎಂದು ವಾದಿಸಿದರು. ಹಳೆಯ ಬೌದ್ಧ ತಾರ್ಕಿಕರು ಬೇರೆ ದಾರಿಯಿಂದ ಬಂದು ನಿಂತ ಜಾಗವೂ ಇದೇ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಲಕ್ಷಗಟ್ಟಲೆ ಜನರೊಡನೆ ಬೌದ್ಧರಾದರು.

ಕುಮಾರಿಲನು ಆಚಾರವನ್ನು ಅರಸನು ಕಾಪಾಡಬೇಕೆಂದನಲ್ಲ, ಆ ಮಾತೇ ಅವನ ವಾದದ ಗುಟ್ಟನ್ನು ಹೊರಗೆಡಹಿತು. ಹಸುವಿನ ಗೋತ್ವವನ್ನು ಕಾಯಲು ಯಾವ ಅರಸನೂ ಬೇಕಿಲ್ಲ. ಕಾವಲು ಬೇಕಾಗುವುದು ಜನ ಕಟ್ಟಿದ್ದಕ್ಕೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಅಲ್ಲಿಗೆ ಅರಸನ ಕಾವಲು ಹೋಯಿತು. ಉಳಿದಿರುವುದು ನಮ್ಮ ಮನೆಯ ಕಾವಲು, ಓಣಿಯ ಕಾವಲು, ಮದುವೆಯ ಮಾತಿನ ಕಾವಲು.

ಕಿರಾಣಿ ಅಂಗಡಿಯ ಗೆಳೆಯರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ಅವರಿಗೆ ನನ್ನ ಉತ್ತರ ಇದು: ಬುದ್ಧ ನಮ್ಮ ಅಂಗಳದವನೇ, ನಮ್ಮನ್ನು ಎದುರಿಸಿದವನೂ ಹೌದು. ಎದುರಿಸಿದ್ದರಿಂದಲೇ ನಮಗೆ ಬೇಕಾದವನು. ನಾಳೆ ತುಪ್ಪದ ಡಬ್ಬಿ ಬಂದಾಗ ಮುಚ್ಚಳ ತೆಗೆದು ಮೂಸಿ ನೋಡಿ. ಅದನ್ನು ಹೊತ್ತು ತಂದ ಹಮಾಲನಿಗೆ ನೀರು ಕೊಡುವಾಗ ಮಾತ್ರ ಅವನ ಊರು-ಕುಲ ಕೇಳಬೇಡಿ. ಕೇಳಿದರೆ ಕುಮಾರಿಲನ ಪಕ್ಷ, ಕೇಳದೆ ಕೊಟ್ಟರೆ ಧರ್ಮಕೀರ್ತಿಯ ಪಕ್ಷ. ಸಾವಿರ ವರ್ಷದ ವಾದ ನಿಮ್ಮ ಅಂಗಡಿಯ ಕಟ್ಟೆಯ ಮೇಲೆ ಇನ್ನೂ ನಡೆದಿದೆ.

ಇನ್ನು ನಿಮ್ಮ ಪ್ರಶ್ನೆಗಳು ಬರಲಿ.